ಗುರಾಣಿ ಚಿತ್ರದ ಡಬ್ಬಿ

ರೋಗನಿರೋಧಕ ಶಕ್ತಿಯನ್ನು ಮೂರು ಪಟ್ಟು ಹೆಚ್ಚಿಸುವ ಪುಡಿಯ ಡಬ್ಬಿಯೊಂದನ್ನು ಭಾವ ಮನೆಗೆ ತಂದಿದ್ದಾರೆ. ಮೇಲೆ ಗುರಾಣಿ ಹಿಡಿದ ಮಗುವಿನ ಚಿತ್ರ. ಗುರಾಣಿಗೆ ಬಡಿದು ಬೋರಲು ಬಿದ್ದ ಹಸಿರು ವೈರಾಣು. ‘ಮೂರು ಪಟ್ಟು’ ಎಂಬುದರ ತಲೆಯ ಮೇಲೊಂದು ಪುಟ್ಟ ನಕ್ಷತ್ರ. ಅದರ ಜಾಡು ಹಿಡಿದು ಡಬ್ಬಿಯನ್ನು ತಿರುಗಿಸಿದರೆ, ತಳದಲ್ಲಿ, ಇರುವೆಯೂ ಕನ್ನಡಕ ಹಾಕಿಕೊಂಡೇ ಓದಬೇಕಾದ ಅಕ್ಷರಗಳು: ‘ಇದು ಯಾವುದೇ ರೋಗವನ್ನು ತಡೆಯುವ ಅಥವಾ ಗುಣಪಡಿಸುವ ಔಷಧವಲ್ಲ.’ ಗುರಾಣಿಯೇನೋ ಇದೆ, ಯುದ್ಧಕ್ಕೆ ಮಾತ್ರ ಬರುವುದಿಲ್ಲ.

ಇರಲಿ. ಮೂರು ಪಟ್ಟು ಆಗುವುದು ಏನು?

ನಮ್ಮ ಮೂಳೆಮಜ್ಜೆ ಮಹಾ ಜಿಪುಣ ದರ್ಜಿ. ಪ್ರೋಟೀನು ತಯಾರಿಸಲು ದೇಹದ ಬಳಿ ಇರುವುದೇ ಸುಮಾರು 20,000 ಜೀನ್‌ಗಳು. ಹೊಲಿದು ಕೊಡಬೇಕಾದದ್ದು ಕೋಟಿಗಟ್ಟಲೆ ಬಗೆಯ ಪ್ರತಿಕಾಯಗಳನ್ನು, ಅಂದರೆ ರೋಗಾಣುವನ್ನು ಹಿಡಿಯುವ ಪ್ರೋಟೀನುಗಳನ್ನು. ಆದ್ದರಿಂದ ಅದು ತುಂಡುಗಳನ್ನು ಜೋಡಿಸುತ್ತದೆ. ಪ್ರತಿಕಾಯದಲ್ಲಿ ಭಾರ, ಹಗುರ ಎಂದು ಎರಡು ಬಗೆಯ ಸರಪಳಿ. ಭಾರ ಸರಪಳಿಗೆ ಸುಮಾರು 40 ‘ವಿ’ ಜೀನ್ ತುಣುಕುಗಳು, 23 ‘ಡಿ’, 6 ‘ಜೆ’. ಪ್ರತಿಕಾಯ ತಯಾರಿಸುವ ಪ್ರತಿಯೊಂದು ಬಿ ಕೋಶವೂ (ಒಂದು ಬಗೆಯ ಬಿಳಿ ರಕ್ತಕಣ) ಒಂದೊಂದನ್ನು ಎತ್ತಿಕೊಂಡು, ನಡುವಿನದನ್ನು ಕತ್ತರಿಸಿ ಎಸೆದು, ಅಂಚಿಗೆ ಅಂಚು ಸೇರಿಸುತ್ತದೆ. ಗುಣಿಸಿದರೆ 5,520 ಬಗೆ. ಅಷ್ಟಕ್ಕೇ ಸುಮ್ಮನಾಗದೆ ಹೊಲಿಗೆ ಬೀಳುವ ಜಾಗದಲ್ಲಿ ಡಿಎನ್‌ಎ ಅಕ್ಷರಗಳನ್ನು ಮನಸ್ಸಿಗೆ ಬಂದಂತೆ ತುರುಕುತ್ತದೆ. ಹಗುರ ಸರಪಳಿಯನ್ನೂ ಹೀಗೆಯೇ ಹೊಲಿದು ಜೊತೆಗೂಡಿಸುತ್ತದೆ. ಈ ಕತ್ತರಿ ಕೆಲಸವನ್ನು 1976ರಲ್ಲಿ ತೋರಿಸಿಕೊಟ್ಟವರು ಜಪಾನಿನ ವಿಜ್ಞಾನಿ ಸುಸುಮು ತೊನೆಗಾವಾ. 1987ರಲ್ಲಿ ಅವರಿಗೆ ನೊಬೆಲ್ ಬಂತು. ಡಬ್ಬಿಯ ಮೇಲೆ ಮಾತ್ರ ಯಾವುದೋ ನಟನ ನಗು ಇದೆ.

ಹೀಗೆ ಕಣ್ಣು ಮುಚ್ಚಿ ಹೊಲಿದದ್ದು ಎಷ್ಟೋ ಸಲ ಕೆಡುತ್ತದೆ. ಕೆಟ್ಟ ಹೊಲಿಗೆಯ ಕೋಶಗಳು ಅಲ್ಲಿಯೇ ಸಾಯುತ್ತವೆ. ಉಂಡ ಮನೆಗೇ ಎರಡು ಬಗೆಯುವ, ಅಂದರೆ ಸ್ವಂತ ದೇಹವನ್ನೇ ಕಚ್ಚುವ ಕೋಶಗಳಿಗೆ ಮಜ್ಜೆ ಹೊಲಿಗೆ ಬಿಚ್ಚಿ ಇನ್ನೊಂದು ಅವಕಾಶ ಕೊಡುತ್ತದೆ. ತಿದ್ದಿಕೊಳ್ಳದಿದ್ದರೆ ಕೊಲ್ಲುತ್ತದೆ, ಇಲ್ಲವೇ ಬಾಯಿ ಕಟ್ಟುತ್ತದೆ. ಪುಡಿಯು ಇವುಗಳಲ್ಲಿ ಯಾವುದನ್ನು ಮೂರು ಪಟ್ಟು ಮಾಡುತ್ತದೆ? ಮನೆಮುರುಕರನ್ನು ಹೆಚ್ಚಿಸಿದರೆ ಲೂಪಸ್‌ನಂಥ ಕಾಯಿಲೆ. ಹೂವಿನ ಪರಾಗ ಕಂಡರೆ ಕೆರಳುವ ಐಜಿಇ ಪ್ರತಿಕಾಯಗಳನ್ನು ಹೆಚ್ಚಿಸಿದರೆ ಮೂರು ಪಟ್ಟು ಸೀನು.

ನಿಜವಾಗಿ ಪ್ರತಿಕಾಯಗಳಿಗೆ ಪಾಠ ಹೇಳುವುದು ಲಸಿಕೆ. ಅದು ಬಂದ ಮೇಲೆ ದುಗ್ಧಗ್ರಂಥಿಯಲ್ಲಿ (ಲಿಂಫ್ ನೋಡ್) ಬಿ ಕೋಶಗಳು ತಮ್ಮ ಹೊಲಿಗೆಯನ್ನೇ ಮತ್ತೆ ಮತ್ತೆ ತಿದ್ದುತ್ತವೆ. ರೋಗಾಣುವನ್ನು ಬಿಗಿಯಾಗಿ ಹಿಡಿಯಬಲ್ಲವು ಉಳಿದುಕೊಳ್ಳುತ್ತವೆ.

ಇಷ್ಟನ್ನು ಭಾವನಿಗೆ ವಿವರಿಸಿ ಲಸಿಕೆ ಹಾಕಿಸಿಕೊಂಡಿರಾ ಎಂದೆ. “ಅಯ್ಯೋ, ಅದರೊಳಗೆ ಏನೇನು ಬೆರೆಸಿರುತ್ತಾರೋ ಯಾರಿಗೆ ಗೊತ್ತು” ಎನ್ನುತ್ತಾ ಡಬ್ಬಿಯ ಮುಚ್ಚಳ ತೆರೆದು, ಎರಡು ಚಮಚ ಪುಡಿಯನ್ನು ಬಾಯಿಗೆ ಸುರಿದುಕೊಂಡರು.