ಬೆಳಗ್ಗೆ 10 ನಿಮಿಷ ಎಂಜಿನ್ ಬಿಸಿ ಮಾಡಬೇಕಾ? ಬೇಕಿಲ್ಲ

‘ಕಾರು ತೆಗೆಯುವ ಮುಂಚೆ 10 ನಿಮಿಷ ಎಂಜಿನ್ ಆನ್ ಮಾಡಿಡಿ, ಇಲ್ಲದಿದ್ದರೆ ಹಾಳಾಗುತ್ತದೆ’ ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಕಾರ್ಬ್ಯುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸುತ್ತಿದ್ದ ಹಳೇ ಸಾಧನ) ಕಾಲದ ಬುದ್ಧಿಮಾತು. ಚೋಕ್ ಎಳೆದು ಕಾಯಬೇಕಿದ್ದ ಹಳೇ ಅಂಬಾಸಿಡರ್‌ಗೆ ಸರಿ. ಈಗಿನ ಫ್ಯೂಯೆಲ್ ಇಂಜೆಕ್ಷನ್ ಕಾರುಗಳಲ್ಲಿ ಎಂಜಿನ್ ಎಷ್ಟು ತಣ್ಣಗಿದೆ ಎಂದು ಸೆನ್ಸರ್ ಹೇಳುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಹೋಗುತ್ತದೆ. ನಮ್ಮೂರಿನ ಚಳಿಗೆ ಅರ್ಧ ನಿಮಿಷ ಸಾಕು. ಬೆಲ್ಟ್ ಹಾಕಿ ಕನ್ನಡಿ ಸರಿ ಮಾಡಿಕೊಳ್ಳುವಷ್ಟು ಹೊತ್ತು. ಆನ್ ಮಾಡಿ ಸುಮ್ನೆ ನಿಲ್ಲಿಸಿದರೆ ಎಂಜಿನ್ ಬಿಸಿಯಾಗುವುದೂ ನಿಧಾನ, ಪೆಟ್ರೋಲೂ ದಂಡ.

ಹಾಗಂತ ಗೇಟು ದಾಟಿದ ಕೂಡಲೇ ಆಕ್ಸಿಲರೇಟರ್ ತುಳಿಯಬೇಡಿ. ತಣ್ಣಗಿನ ಎಂಜಿನ್ ಆಯಿಲ್ ಮಂದವಾಗಿರುತ್ತದೆ, ಸರಾಗವಾಗಿ ಹರಿಯುವುದಿಲ್ಲ. ಮೊದಲ ಐದಾರು ಕಿಲೋಮೀಟರ್ ಮೆಲ್ಲಗೆ ಓಡಿಸಿ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂತಲ್ವಾ ಅನ್ನಬೇಡಿ, ಅದು ತೋರಿಸುವುದು ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಬಿಸಿ. ಆಯಿಲ್ ಬಿಸಿಯಾಗಲು ಇನ್ನೂ ಕೆಲವು ನಿಮಿಷ ಬೇಕು.