ಕ್ಷೇತ್ರದಲ್ಲಿ ವಾಸ ಇರೋರೇ ನಿಲ್ಲಲಿ
ಹೊರಗಿನವರು ಎಂಎಲ್‌ಎ ಎಲೆಕ್ಷನ್‌ಗೆ ನಿಂತ್ರೆ ತಪ್ಪೇನು ಅಂತ ಕೇಳಿದೀರಿ ಸರ್, ಕಾನೂನಲ್ಲಿ ತಪ್ಪಿಲ್ಲ ನಿಜ, 1951ರ ಪ್ರಜಾಪ್ರತಿನಿಧಿ ಕಾಯ್ದೆ ಸೆಕ್ಷನ್ 5ರಲ್ಲಿ ರಾಜ್ಯದ ಯಾವುದೇ ಕ್ಷೇತ್ರದ ವೋಟರ್ ಲಿಸ್ಟಲ್ಲಿ ಹೆಸರಿದ್ರೆ ಸಾಕು, ಬೀದರ್ ವೋಟರ್ ಬಂದು ಚಾಮರಾಜನಗರದಲ್ಲಿ ನಿಲ್ಬೋದು. 2018ರಲ್ಲಿ ಸಿದ್ದರಾಮಯ್ಯನವರು ಮೈಸೂರು ಕಡೆಯಿಂದ ಹೋಗಿ ಬಾದಾಮಿಲಿ ಗೆದ್ರು, 2023ರಲ್ಲಿ ಸೋಮಣ್ಣನವರು ಬೆಂಗಳೂರಿಂದ ಬಂದು ವರುಣಾ, ಚಾಮರಾಜನಗರ ಎರಡರಲ್ಲೂ ಸೋತ್ರು, ಜನ ಅಳೆದು ತೂಗಿನೇ ವೋಟ್ ಹಾಕ್ತಾರೆ, ಒಪ್ತೀನಿ. ಆದ್ರೆ ನಮ್ಮ ಕಡೆ ಹಿಂದೆ ಹೀಗೇ ಹೊರಗಿಂದ ಬಂದು ಗೆದ್ದೋರೊಬ್ರು ಬಸ್ ಸ್ಟ್ಯಾಂಡ್ ಹಿಂದೆ ಬಾಡಿಗೆ ಮನೆ ಹಿಡಿದು ಬೋರ್ಡ್ ಹಾಕ್ಸಿದ್ರು, ಅಪ್ಪನ ಪೆನ್ಷನ್ ಅರ್ಜಿ ಹಿಡ್ಕೊಂಡು ಮೂರು ಸಲ ಹೋದಾಗ್ಲೂ ಬೀಗ, ಗೇಟಿಗೆ ಸಿಕ್ಸಿದ್ದ ಪೇಪರ್‌ಗಳು ಮಳೇಲಿ ನೆನೆದು ಮುದ್ದೆ ಆಗಿದ್ವು. ಕನಿಷ್ಠ ಎರಡು ವರ್ಷ ಅದೇ ಕ್ಷೇತ್ರದಲ್ಲಿ ವಾಸ ಇರ್ಬೇಕು ಅಂತ ಪಾರ್ಲಿಮೆಂಟ್ ತಿದ್ದುಪಡಿ ತರ್ಲಿ ಸರ್.