ಗುಳ್ಳೆ ಎದ್ದ ಕಲೇಜಿಯ ಸದ್ಗತಿ

ಫೆಬ್ರುವರಿ 10ರ ಜಂತುಹುಳು ನಿವಾರಣಾ ದಿನವನ್ನು ಹಾವೇರಿ ಜಿಲ್ಲೆಯ ಒಂದೂರಿನಲ್ಲಿ ಮದುವೆಯ ಸಡಗರದಿಂದ ಆಚರಿಸಿದ್ದನ್ನು ಕಣ್ಣಾರೆ ಕಂಡ ಪುಣ್ಯ ನನ್ನದು. ಹನ್ನೊಂದಕ್ಕೆ ಬರಬೇಕಾಗಿದ್ದ ಗಣ್ಯರು ಒಂದು ಗಂಟೆಗೆ ಬಂದರು. ಅಷ್ಟರಲ್ಲಿ ಮಕ್ಕಳ ಅಂಗೈಯಲ್ಲಿದ್ದ ಆಲ್ಬೆಂಡಜೋಲ್ ಗುಳಿಗೆಗಳು ಬೆವರಿಗೆ ಮೆತ್ತಗಾಗಿದ್ದವು.

1ರಿಂದ 19 ವರ್ಷದವರಿಗೆ ಕೊಡುವ ಈ ಗುಳಿಗೆ ದುಂಡುಹುಳು, ಕೊಕ್ಕೆಹುಳು, ಚಾಟಿಹುಳುಗಳಿಗೆ ಒಳ್ಳೆಯ ಔಷಧ. ಅದರ ಮೇಲೆ ನನ್ನ ತಕರಾರಿಲ್ಲ. ಆದರೆ "ಇಂದಿನಿಂದ ಈ ಊರಿನಲ್ಲಿ ಹುಳು ಎಂಬುದೇ ಇಲ್ಲ" ಎಂದು ಮೈಕು ಸಾರುತ್ತಿದ್ದ ಗಳಿಗೆಯಲ್ಲೇ, ಶಾಲೆಯ ಹಿಂದಿನ ತೋಟದಲ್ಲಿ ಗಣ್ಯರ ಊಟಕ್ಕೆಂದು ಕುರಿ ಕೊಯ್ಯುತ್ತಿದ್ದವನು ಅದರ ಕಲೇಜಿಯನ್ನು, ಅಂದರೆ ಯಕೃತ್ತನ್ನು, ಕೈಯಲ್ಲಿ ಹಿಡಿದು ಮುಖ ಸಿಂಡರಿಸಿದ. ಅದರಲ್ಲಿ ನಿಂಬೆಹಣ್ಣಿನ ಗಾತ್ರದ, ತಿಳಿನೀರು ತುಂಬಿದ ಬಿಳಿ ಗುಳ್ಳೆಯೊಂದಿತ್ತು. "ಇದನ್ನ ದೊಡ್ಡವರ ತಾಟಿಗೆ ಹಾಕೂದು ಬ್ಯಾಡ್ರಿ ಸಾಹೇಬ್ರ" ಎಂದವನೇ, ಬಾಯಿ ಚಪ್ಪರಿಸುತ್ತ ನಿಂತಿದ್ದ ನಾಯಿಗೆ ಅದನ್ನು ಎಸೆದ.

ಇಷ್ಟು ಪ್ರಾಮಾಣಿಕ ಕಟುಕನನ್ನು ನೋಡಿ, ಆ ಗುಳ್ಳೆಯೊಳಗೆ ಮರಿಯಾಗಿ ಅಡಗಿದ್ದ ಹೈಡಾಟಿಡ್ ಎಂಬ ಲಾಡಿಹುಳುವಿಗೆ ಕಣ್ತುಂಬಿ ಬಂದಿರಬೇಕು. ಆ ಗುಳ್ಳೆಯನ್ನು ಮನುಷ್ಯ ಬೇಯಿಸಿ ತಿಂದಿದ್ದರೆ ಅದರ ವಂಶ ಅಲ್ಲಿಗೇ ಮುಗಿಯುತ್ತಿತ್ತು. ನಾಯಿ ತಿಂದದ್ದರಿಂದ ಒಂದೂವರೆ ತಿಂಗಳಿನ ಮೇಲೆ ಅದರ ಕರುಳಿನಲ್ಲಿ ಅಕ್ಕಿಕಾಳಿಗಿಂತ ದೊಡ್ಡದಾಗದ ಲಾಡಿಹುಳುಗಳು ಸಂಸಾರ ಹೂಡುತ್ತವೆ, ಅವುಗಳ ಮೊಟ್ಟೆ ನಾಯಿಯ ಹೇಲಿನೊಂದಿಗೆ ಹೊಲಕ್ಕೆ, ಗಟಾರಕ್ಕೆ, ನಾವು ರೊಟ್ಟಿಯ ಜೊತೆ ಹಸಿಯಾಗಿಯೇ ಮೆಲ್ಲುವ ಹಕ್ಕರಿಕೆ ಪಲ್ಲೆಗೆ ತಲುಪುತ್ತದೆ. ಪಲ್ಲೆಯನ್ನು ಸರಿಯಾಗಿ ತೊಳೆಯದೆ ತಿಂದವನ, ನಾಯಿಯ ಮೈ ಸವರಿದ ಕೈಯಲ್ಲೇ ಉಂಡವನ ಯಕೃತ್ತಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಗುಳ್ಳೆ ಬೆಳೆಯುತ್ತದೆ. ಅದು ಒಳಗೇ ಒಡೆದರೆ ಜೀವಕ್ಕೇ ಅಪಾಯ. ಅದನ್ನು ಕರಗಿಸಲು ವೇದಿಕೆಯ ಒಂದು ಗುಳಿಗೆ ಸಾಲದು; ಇದೇ ಔಷಧವನ್ನು ತಿಂಗಳುಗಟ್ಟಲೆ ನುಂಗಬೇಕು, ಹಲವೊಮ್ಮೆ ಹೊಟ್ಟೆಯನ್ನೇ ಕೊಯ್ಯಿಸಿಕೊಳ್ಳಬೇಕು.

ಊರಿನ ಕಟ್ಟೆಯ ವೈದ್ಯಶಾಸ್ತ್ರ ಇದಕ್ಕಿಂತ ಸರಳವಾಗಿದೆ: ಲಿವರ್ ಕೆಟ್ಟಿತೆಂದರೆ ಸೆರೆ ಕುಡಿದಿದ್ದಾನೆ ಎಂದೇ ಅರ್ಥ. ಜೀವಮಾನದಲ್ಲಿ ಮಜ್ಜಿಗೆಗಿಂತ ಗಟ್ಟಿಯಾದದ್ದನ್ನು ಮುಟ್ಟದ ಕುರಿಗಾರನ ಬಲಪಕ್ಕೆ ಊದಿಕೊಂಡರೂ, ಅವನು ಕದ್ದು ಎಲ್ಲಿ ಕುಡಿಯುತ್ತಿದ್ದನೆಂಬ ತನಿಖೆ ನಡೆಯುತ್ತದೆಯೇ ಹೊರತು, ಮೂರು ಹೊತ್ತೂ ಅವನ ಮಗ್ಗುಲಲ್ಲೇ ಮಲಗುವ ನಾಯಿಗೆ ಲಾಡಿಹುಳು ಕೊಲ್ಲುವ ಪ್ರಾಜಿಕ್ವಾಂಟೆಲ್ ಔಷಧ ಕೊಡಿಸಿದ್ದೀರಾ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ನಾಯಿಗೂ ಒಂದು ದಿನಾಚರಣೆ, ಒಂದು ಫ್ಲೆಕ್ಸು, ಒಂದು ಶಾಮಿಯಾನದ ಖರ್ಚು ಬರುತ್ತದಲ್ಲವೇ!

ಊಟಕ್ಕೆ ಮುಂಚೆ ವಂದನಾರ್ಪಣೆಯಾಯಿತು. ಮೈಕಿನವನಿಗೆ, ಶಾಮಿಯಾನದವನಿಗೆ, ಅಡುಗೆಯವರಿಗೆ, ಕುರಿ ಕೊಡಿಸಿದ ದಾನಿಗೆ, ಎಲ್ಲರಿಗೂ ಹೆಸರು ಹಿಡಿದು ಕೃತಜ್ಞತೆ ಸಲ್ಲಿತು. ವೇದಿಕೆಯ ಕೆಳಗಿನ ನೆರಳಿನಲ್ಲಿ ಮೂತಿ ನೆಕ್ಕಿಕೊಳ್ಳುತ್ತ ಮಲಗಿದ್ದ ನಾಯಿಯ ಹೆಸರು ಮಾತ್ರ ಪಟ್ಟಿಯಲ್ಲಿರಲಿಲ್ಲ.